ಬಣ್ಣದ ತೊಟ್ಟಿಗೆ ಕಡಲ ಶಿಲೀಂಧ್ರ: ಪ್ರಾಯೋಗಿಕ ಘಟಕಕ್ಕಾಗಿ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯ ಕಾರ್ಯದರ್ಶಿಗಳು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ,
ಪರಿಸರ ಭವನ, ಚರ್ಚ್ ಸ್ಟ್ರೀಟ್, ಬೆಂಗಳೂರು.

ಇವರಿಂದ,
ಬಾಗಲಕೋಟೆ ಜಿಲ್ಲೆಯ ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರರು, ನೂಲಿಗೆ ಬಣ್ಣ ಹಾಕುವವರು ಮತ್ತು ಹಳ್ಳದ ಕೆಳಗಿನ ಹೊಲಗಳ ರೈತರು.

ವಿಷಯ: ನೂಲುಬಣ್ಣದ ತ್ಯಾಜ್ಯ ನೀರನ್ನು ಕಡಲ ಶಿಲೀಂಧ್ರಗಳ ಕಿಣ್ವದಿಂದ ಶುದ್ಧಗೊಳಿಸುವ ಪ್ರಾಯೋಗಿಕ ಘಟಕ ಸ್ಥಾಪಿಸುವ ಕುರಿತು.

ಮಾನ್ಯರೇ,

ಈ ಕಾಗದಕ್ಕೆ ಸಹಿ ಹಾಕಿದವರಲ್ಲಿ ಬಣ್ಣದ ನೀರು ಬಿಡುವವರೂ ಇದ್ದೇವೆ, ಆ ನೀರು ಹೊಲಕ್ಕೆ ನುಗ್ಗಿತೆಂದು ಜಗಳ ತೆಗೆಯುವವರೂ ಇದ್ದೇವೆ. ಇಬ್ಬರೂ ಒಂದೇ ಹಾಳೆಯ ಮೇಲೆ ಹೆಸರು ಬರೆಯುವುದು ನಮ್ಮ ಕಡೆ ಅಪರೂಪ. ಆದ್ದರಿಂದ ಇದನ್ನು ಯಾರ ಮೇಲಿನ ದೂರು ಎಂದು ಓದಬಾರದೆಂದು ವಿನಂತಿ.

ನಮ್ಮ ಕೆಲಸದ ರೀತಿ ತಮಗೆ ಗೊತ್ತಿರುವುದೇ. ಹತ್ತಿ ನೂಲಿನ ಲಡಿಗೆ ರಿಯಾಕ್ಟಿವ್ ಬಣ್ಣ ಹಿಡಿಯಬೇಕಾದರೆ ಲೀಟರ್ ನೀರಿಗೆ 40ರಿಂದ 100 ಗ್ರಾಂ ಉಪ್ಪು ಬೇಕು. ಬಣ್ಣ ಗಾಢವಾದಷ್ಟೂ ಉಪ್ಪು ಹೆಚ್ಚು. ಅದರ ಮೇಲೆ ಸೋಡಾ. ಇಷ್ಟಾದರೂ ಬಣ್ಣವೆಲ್ಲ ನೂಲಿಗೆ ಅಂಟುವುದಿಲ್ಲ. ಐದರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ತೊಳೆದ ನೀರಿನೊಂದಿಗೆ ಹರಿದು ಹೋಗುತ್ತದೆ. ಮನೆಯ ಹಿಂದಿನ ತೊಟ್ಟಿಯಲ್ಲಿ ದಿನಕ್ಕೆ ನಾಲ್ಕಾರು ಕಟ್ಟು ನೂಲು ಅದ್ದುವವನು ಕಾರ್ಖಾನೆಯ ಅಳತೆಯ ಶುದ್ಧೀಕರಣ ಘಟಕ ಕಟ್ಟುವುದೆಂದರೆ ಮಗ್ಗ ಮಾರಿ ಘಟಕ ಕಟ್ಟಿದಂತೆ. ಸುಣ್ಣ ಮತ್ತು ಫೆರಸ್ ಸಲ್ಫೇಟ್ ಹಾಕಿ ಬಣ್ಣ ಇಳಿಸುವ ಹಳೆಯ ದಾರಿ ಇದೆ. ಅದರಿಂದ ಬರುವ ಕೆಸರನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಇಂದಿಗೂ ಉತ್ತರವಿಲ್ಲ.

ಒಂದು ಲೆಕ್ಕವನ್ನು ಗಮನಿಸಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಕಡಲಿಂದ ಇಷ್ಟು ದೂರದ ಕರಿಮಣ್ಣಿನ ಸೀಮೆಯಲ್ಲಿ ನಾವು ಕಡಲಿಗಿಂತ ಉಪ್ಪಾದ ತೊಟ್ಟಿಗಳನ್ನು ಇಟ್ಟುಕೊಂಡು ಕೂತಿದ್ದೇವೆ. ಬಣ್ಣ ತಿನ್ನುವ ಅಣಬೆ ಜಾತಿಯ ಶಿಲೀಂಧ್ರಗಳ ಬಗ್ಗೆ ಜಗತ್ತಿನಲ್ಲಿ ದಶಕಗಳಿಂದ ಸಂಶೋಧನೆ ನಡೆದಿದೆ. ಆದರೆ ಕಾಡಿನ ಮರ ಕೊಳೆಸುವ ಆ ಶಿಲೀಂಧ್ರಗಳಲ್ಲಿ ಹೆಚ್ಚಿನವು ಹುಳಿ ನೀರು, ಕಡಿಮೆ ಉಪ್ಪು ಬಯಸುವಂಥವು. ನಮ್ಮ ತೊಟ್ಟಿಯ ಕ್ಷಾರ ಮತ್ತು ಉಪ್ಪಿನ ನೀರಿನಲ್ಲಿ ಅವು ಸೊರಗುತ್ತವೆ. ಕಡಲಂಚಿನ ಕಾಂಡ್ಲಾ ಮರದ ಕೊಳೆತ ತೊಗಟೆಯಲ್ಲಿ ಬೆಳೆದ ಶಿಲೀಂಧ್ರಕ್ಕೆ ಉಪ್ಪು ಹೊಸದಲ್ಲ. ಈ ಮನವಿಯ ಬುನಾದಿ ಇಷ್ಟೇ.

ಇದು ನಮ್ಮ ಊಹೆಯಲ್ಲ. ಗೋವಾದ ದೋನಾ ಪೌಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಡಾ. ಚಂದ್ರಲತಾ ರಘುಕುಮಾರ್ ಮತ್ತು ಸಂಗಡಿಗರು ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದ್ದಾರೆ. ಲಕ್ಷದ್ವೀಪದ ಹವಳದ ಲಗೂನಿನಲ್ಲಿ ಕೊಳೆಯುತ್ತಿದ್ದ ಕಡಲಹುಲ್ಲಿನಿಂದ ಫ್ಲಾವೊಡಾನ್ ಫ್ಲಾವಸ್ ಎಂಬ ಶಿಲೀಂಧ್ರವನ್ನು ಬೇರ್ಪಡಿಸಿ, ಮರದ ಲಿಗ್ನಿನ್ ಒಡೆಯುವ ಅದರ ಕಿಣ್ವಗಳ ವಿವರವನ್ನು 1999ರಲ್ಲಿ ಪ್ರಕಟಿಸಿದರು. ಕೊಳೆತ ಕಾಂಡ್ಲಾ ಕಟ್ಟಿಗೆಯಿಂದ ಪಡೆದ ಇನ್ನೊಂದು ಶಿಲೀಂಧ್ರ, ಬಟ್ಟೆ ಗಿರಣಿ, ಕಾಗದ ಕಾರ್ಖಾನೆ, ಡಿಸ್ಟಿಲರಿಗಳ ಬಣ್ಣದ ತ್ಯಾಜ್ಯ ಸೇರಿಸಿದಾಗ ಸಾಯುವ ಬದಲು ಇನ್ನೂ ಹೆಚ್ಚು ಲ್ಯಾಕೇಸ್ ಕಿಣ್ವ ಸ್ರವಿಸಿತೆಂದು 2006ರಲ್ಲಿ ವರದಿ ಮಾಡಿದರು. ಗೋವಾ ನಮಗೆ ದೂರವೇನಲ್ಲ, ಬಾಗಲಕೋಟೆಯಿಂದ ಒಂದು ದಿನದ ದಾರಿ. ಅಷ್ಟು ದಾರಿ ಸವೆಸಲು ಆ ವಿದ್ಯೆಗೆ ಇನ್ನೂ ಸಾಧ್ಯವಾಗಿಲ್ಲ.

ಲ್ಯಾಕೇಸ್ ಎಂದರೆ ತನ್ನೊಳಗೆ ನಾಲ್ಕು ತಾಮ್ರದ ಪರಮಾಣುಗಳನ್ನು ಇಟ್ಟುಕೊಂಡ ಕಿಣ್ವ. ಗಾಳಿಯ ಆಮ್ಲಜನಕವನ್ನೇ ಬಳಸಿ ಬಣ್ಣದ ಕಣವನ್ನು ಉತ್ಕರ್ಷಿಸುತ್ತದೆ. ಕೊನೆಗೆ ಆಮ್ಲಜನಕ ನೀರಾಗಿ ಉಳಿಯುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವ ಖರ್ಚೂ ಇಲ್ಲ. ಮ್ಯಾಂಗನೀಸ್ ಪೆರಾಕ್ಸಿಡೇಸ್‌ನಂಥ ಇತರ ಕಿಣ್ವಗಳಿಗೆ ಆ ಪೆರಾಕ್ಸೈಡ್ ಬೇಕೇ ಬೇಕು. ಶಿಲೀಂಧ್ರವನ್ನು ಬೆಳೆಸಲು ಕಬ್ಬಿನ ಸಿಪ್ಪೆ ಸಾಕು ಎನ್ನುತ್ತಾರೆ. ಸಕ್ಕರೆ ಕಾರ್ಖಾನೆಗಳ ಈ ಜಿಲ್ಲೆಯಲ್ಲಿ ಅದಕ್ಕೇನು ಬರ!

ಇಲ್ಲಿಗೆ ನಿಲ್ಲಿಸಿದರೆ ನಾವೂ ಮಾರಾಟಗಾರರಂತೆ ಮಾತಾಡಿದಂತಾಗುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲೊಬ್ಬರ ಮನೆಗೆ ಒಬ್ಬ ಏಜೆಂಟ್ 'ಜೈವಿಕ ಪುಡಿ' ತಂದುಕೊಟ್ಟ. ಕೊಡದಲ್ಲಿ ಕಡುನೀಲಿ ನೀರು, ಎರಡು ದಿನಕ್ಕೆ ತಿಳಿ. ಎಲ್ಲರೂ ಸಂತೋಷಪಟ್ಟೆವು. ತಳದಲ್ಲಿ ಉಳಿದಿದ್ದ ಬೂಸ್ಟಿನ ಮುದ್ದೆಯನ್ನು ಚರಂಡಿ ಪಕ್ಕ ಎಸೆದೆವು. ಮೊದಲ ಮಳೆಗೆ ಚರಂಡಿ ಮತ್ತೆ ನೀಲಿಯಾಯಿತು. ಬಣ್ಣ ಒಡೆದಿರಲಿಲ್ಲ, ಬೂಸ್ಟಿನ ಮೈಗೆ ಅಂಟಿಕೊಂಡಿತ್ತು ಅಷ್ಟೇ. ಅಂದಿನಿಂದ 'ಬಣ್ಣ ಹೋಯಿತು' ಎಂಬ ಮಾತನ್ನು ನಾವು ಅಷ್ಟು ಸುಲಭವಾಗಿ ನಂಬುವುದಿಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ನಾವು ಬಳಸುವ ಬಣ್ಣಗಳಲ್ಲಿ ಬಹುಪಾಲು ಅಜೋ ಜಾತಿಯವು. ಗಾಳಿಯಿಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾ ಅವುಗಳ ಅಜೋ ಬಂಧವನ್ನು ಕತ್ತರಿಸಿದರೆ ನೀರು ತಿಳಿಯಾಗುತ್ತದೆ, ಆದರೆ ಆರೊಮ್ಯಾಟಿಕ್ ಅಮೈನುಗಳು ಹುಟ್ಟುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರಿಗೆ ಕಾರಣ. ಇಂಥ ಅಮೈನು ಬಿಡುವ ಬಣ್ಣಗಳನ್ನು ಭಾರತ ಸರ್ಕಾರವೇ 1990ರ ದಶಕದಲ್ಲಿ ನಿಷೇಧಿಸಿತು. ಲ್ಯಾಕೇಸಿನ ದಾರಿ ಬೇರೆ ನಿಜ. ಆದರೆ ಎಲ್ಲ ಅಜೋ ಬಣ್ಣವನ್ನೂ ಅದು ಒಂಟಿಯಾಗಿ ಒಡೆಯಲಾರದು, ಹಲವಕ್ಕೆ ಮಧ್ಯವರ್ತಿ ರಾಸಾಯನಿಕ ಬೇಕಾಗುತ್ತದೆ. ಕ್ಲೋರೈಡ್ ಹೆಚ್ಚಾದರೆ ಅನೇಕ ಲ್ಯಾಕೇಸುಗಳು ಮಂದವಾಗುತ್ತವೆ. ಕಡಲಿನಿಂದ ಬಂದದ್ದೆಂಬ ಮಾತ್ರಕ್ಕೆ ಪ್ರತಿಯೊಂದು ಶಿಲೀಂಧ್ರವೂ ನಮ್ಮ ತೊಟ್ಟಿಗೆ ಒಗ್ಗೀತೆಂದು ಹೇಳಲಾಗದು. ಪ್ರಯೋಗಾಲಯದ ಗಾಜಿನ ಸೀಸೆಯಲ್ಲಿ ಒಂದೇ ಬಣ್ಣ ಹಾಕಿ ನೋಡುವುದು ಬೇರೆ. ಇಳಕಲ್ಲಿನ ಬಣ್ಣದ ಮನೆಯಿಂದ ಬೆಳಿಗ್ಗೆ ಕೆಂಪು, ಮಧ್ಯಾಹ್ನ ಹಸಿರು, ಸಂಜೆ ಕಪ್ಪು ಹರಿಯುತ್ತದೆ. ಸೋಪು, ಗಂಜಿ, ಸೋಡಾ ಎಲ್ಲವೂ ಅದರೊಳಗೇ ಇರುತ್ತವೆ.

ಆದ್ದರಿಂದ ನಾವು ಕೇಳುತ್ತಿರುವುದು ಒಂದು ಪ್ರಯೋಗ, ಅದೂ ಪೂರ್ತಿ ಪ್ರಯೋಗ. ಮೇಲಿನ ಮೂರು ಊರುಗಳಲ್ಲಿ ಯಾವುದಾದರೊಂದರಲ್ಲಿ, ಮನೆಮನೆಯ ಬಣ್ಣದ ನೀರು ಒಂದೆಡೆ ಸೇರುವಂಥ ಸಣ್ಣ ಸಾಮೂಹಿಕ ಘಟಕವನ್ನು ಮಂಡಳಿ ಸ್ಥಾಪಿಸಬೇಕು. ಗೋವಾದ ಸಂಸ್ಥೆಯೊಂದಿಗೆ ಒಡಂಬಡಿಕೆ ಮಾಡಿಕೊಂಡು, ಅಲ್ಲಿ ಈಗಾಗಲೇ ಪರೀಕ್ಷೆಗೆ ಒಳಪಟ್ಟ ಶಿಲೀಂಧ್ರಗಳನ್ನು ನಮ್ಮ ನಿಜವಾದ ನೀರಿನ ಮೇಲೆ, ಬೇಸಿಗೆ, ಮಳೆ, ಚಳಿ ಮೂರೂ ಕಾಲದಲ್ಲಿ ಓಡಿಸಿ ನೋಡಬೇಕು.

ಪರೀಕ್ಷೆಯ ವಿಷಯದಲ್ಲಿ ನಾವು ಹಟ ಹಿಡಿಯುತ್ತೇವೆ. ಬಟ್ಟೆ ಉದ್ಯಮಕ್ಕೆ ಕೇಂದ್ರ ಸರ್ಕಾರ 2016ರಲ್ಲಿ ವಿಧಿಸಿದ ಮಿತಿಯಲ್ಲಿ ಬಣ್ಣಕ್ಕೆ 150 ಯೂನಿಟ್, ಕರಗಿದ ಲವಣಕ್ಕೆ ಲೀಟರಿಗೆ 2100 ಮಿಲಿಗ್ರಾಂ ಎಂದಿದೆ. ಬಣ್ಣದ ಅಂಕಿ ಇಳಿದ ಮಾತ್ರಕ್ಕೆ ಗೆದ್ದೆವೆಂದು ಬರೆಯಬಾರದು. ಘಟಕದಿಂದ ಹೊರಬಂದ ನೀರಿನಲ್ಲಿ ಆರೊಮ್ಯಾಟಿಕ್ ಅಮೈನುಗಳನ್ನು ಅಳೆಯಬೇಕು. ಶಿಲೀಂಧ್ರದ ಮುದ್ದೆಯನ್ನೂ ಅಳೆಯಬೇಕು, ಅದರ ವಿಲೇವಾರಿಗೆ ಮೊದಲೇ ಜಾಗ ಗೊತ್ತುಮಾಡಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಆ ನೀರಿನಲ್ಲಿ ಜೋಳದ ಬೀಜ ಮೊಳೆಯಿಸಿ ನೋಡಲಿ. ಎರೆಹುಳು ಬದುಕುತ್ತದೋ ನೋಡಲಿ. ಪ್ರತಿ ತಿಂಗಳ ಅಂಕಿಗಳನ್ನು, ಸೋತ ತಿಂಗಳದ್ದನ್ನೂ ಸೇರಿಸಿ, ಕನ್ನಡದಲ್ಲಿ ಪುರಸಭೆ, ನಗರಸಭೆಗಳ ಫಲಕದ ಮೇಲೆ ಅಂಟಿಸಬೇಕು.

ಕಿಣ್ವ ಉಪ್ಪನ್ನು ತೆಗೆಯುವುದಿಲ್ಲ. ರೈತರ ಪರವಾಗಿ ಇದನ್ನು ಒತ್ತಿ ಹೇಳುತ್ತಿದ್ದೇವೆ. ಸವಳು ಎಂದರೇನೆಂದು ಕೃಷ್ಣೆ, ಮಲಪ್ರಭೆಯ ಕಾಲುವೆ ಸೀಮೆಯವರಿಗೆ ಯಾರೂ ಕಲಿಸಿಕೊಡಬೇಕಿಲ್ಲ. ನೀರು ತಿಳಿಯಾಯಿತೆಂದು ಹಳ್ಳಕ್ಕೆ ಬಿಟ್ಟರೆ ಕಣ್ಣಿಗೆ ಕಾಣದ ಉಪ್ಪು ಹೊಲ ಸೇರುತ್ತದೆ. ತಮಿಳುನಾಡಿನ ತಿರುಪ್ಪೂರಿನಲ್ಲಿ ಹಾಗೇ ನೊಯ್ಯಲ್ ನದಿ ಮತ್ತು ಒರತ್ತುಪಾಳ್ಯಂ ಅಣೆಕಟ್ಟಿನ ನೀರು ಹೊಲದ ಬಳಕೆಗೆ ಬಾರದಂತಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಿಸಿತು. ರೈತ ಮೊದಲು ಸೋತ, ಆಮೇಲೆ ಕೂಲಿಯವನು. ಆದುದರಿಂದ ಕಿಣ್ವದ ತೊಟ್ಟಿ ದಾಟಿದ ನೀರನ್ನು ಉಪ್ಪಿನ ಸಮೇತ ಮತ್ತೆ ಬಣ್ಣದ ತೊಟ್ಟಿಗೇ ಬಳಸಲಾದೀತೇ ಎಂಬುದನ್ನು ಈ ಪ್ರಯೋಗದ ಭಾಗವಾಗಿಯೇ ಪರಿಶೀಲಿಸಬೇಕು. ಬಣ್ಣ ಮುರಿದ ಉಪ್ಪುನೀರು ನಮಗೆ ಕಸವಲ್ಲ, ಮುಂದಿನ ಲಡಿಗೆ ಬೇಕಾದ ಸಾಮಗ್ರಿ. ಮಿಕ್ಕದ್ದನ್ನು ಆವಿ ತೊಟ್ಟಿಗೆ ಬಿಡಬಹುದು. ಈ ಪ್ರಯೋಗವನ್ನು ನೆಪ ಮಾಡಿ ದೊಡ್ಡ ಕಾರ್ಖಾನೆಗಳಿಗೆ ಲವಣದ ಮಿತಿ ಸಡಿಲಿಸಿದರೆ ನಾವೇ ಮೊದಲು ವಿರೋಧಿಸುತ್ತೇವೆ.

ಇನ್ನು ಹೊಸ ಶಿಲೀಂಧ್ರ ಹುಡುಕುವ ಅಗತ್ಯ ಬಂದರೆ ಕುಮಟಾದ ಅಘನಾಶಿನಿ ಅಳಿವೆಯ ಕಾಂಡ್ಲಾ ಇದೆ. ಬಿದ್ದ, ಕೊಳೆತ ಕಟ್ಟಿಗೆಯಿಂದಲೇ ಮಾದರಿ ತೆಗೆಯಬೇಕು, ನಿಂತ ಮರ ಮುಟ್ಟಬಾರದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಲಾಭದ ಪಾಲು ಆ ಅಳಿವೆ ಊರುಗಳ ಜನಕ್ಕೂ ಸಲ್ಲಬೇಕು. ಅವರ ನಷ್ಟದ ಮೇಲೆ ನಮ್ಮ ನೂಲಿನ ಬಣ್ಣ ತೊಳೆಯುವುದು ನಮಗೆ ಬೇಡ.

ಘಟಕ ನಡೆಸುವವರು ಯಾರೆಂಬ ಪ್ರಶ್ನೆ ಬರುತ್ತದೆ. ಬಣ್ಣ ಹಾಕುವವರ ಮನೆಯ ಓದಿದ ಹುಡುಗ-ಹುಡುಗಿಯರಿಗೆ ತರಬೇತಿ ಕೊಡಿ. ತೊಟ್ಟಿಗೆ ಏನು ಸುರಿದಿದ್ದೇವೆಂದು ಅವರಷ್ಟು ಬಲ್ಲವರು ಬೇರಿಲ್ಲ. ಜಾಗ ತೋರಿಸಲು, ತೊಟ್ಟಿ ಕಟ್ಟುವ ಕೂಲಿ ಕೆಲಸ ಮಾಡಲು, ನಮ್ಮ ಬಣ್ಣದ ಪುಡಿಗಳ ಪಟ್ಟಿಯನ್ನು ಮುಚ್ಚುಮರೆಯಿಲ್ಲದೆ ಒಪ್ಪಿಸಲು ನಾವು ಸಿದ್ಧರಿದ್ದೇವೆ.

ಈ ಮನವಿಗೆ ಮೂರು ತಿಂಗಳೊಳಗೆ ಲಿಖಿತ ಉತ್ತರ ಕೊಡಬೇಕೆಂದೂ, ಅದಕ್ಕೂ ಮುನ್ನ ಮಂಡಳಿಯ ಒಬ್ಬ ವಿಜ್ಞಾನಿಯನ್ನು ನಮ್ಮ ಬಣ್ಣದ ಮನೆಗಳಿಗೆ ಕಳಿಸಿ ನೀರಿನ ಮಾದರಿ ಪಡೆಯಬೇಕೆಂದೂ ಕೋರುತ್ತೇವೆ. ಬರುವವರು ಸಂಜೆ ಬರಲಿ. ಕಪ್ಪು ಬಣ್ಣದ ತೊಟ್ಟಿ ತೊಳೆಯುವುದು ಆಗ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳು ಪ್ರತ್ಯೇಕ ಹಾಳೆಗಳಲ್ಲಿವೆ)

ಪ್ರತಿ: ಜಿಲ್ಲಾಧಿಕಾರಿಗಳು, ಬಾಗಲಕೋಟೆ; ಕೈಮಗ್ಗ ಮತ್ತು ಜವಳಿ ಇಲಾಖೆ, ಬೆಂಗಳೂರು; ಕರ್ನಾಟಕ ಜೀವವೈವಿಧ್ಯ ಮಂಡಳಿ, ಬೆಂಗಳೂರು.