ಕಳೆನಾಶಕ, ಕಿಣ್ವ ಮತ್ತು ಅಮ್ಮನ ಕತ್ತಿ

ಮಳೆ ಹಿಡಿದರೆ ನೆಲ್ಯಹುದಿಕೇರಿಯ ಕಾಫಿ ತೋಟಗಳಲ್ಲಿ ಕಳೆ ಮೊಣಕಾಲು ಮುಟ್ಟುತ್ತದೆ. ಅದನ್ನು ಕತ್ತಿಯಲ್ಲಿ ಕೊಚ್ಚುವ ಹೆಂಗಸರಲ್ಲಿ ನನ್ನ ಅಮ್ಮನೂ ಒಬ್ಬರು. ಈಚೆಗೆ ಅವರಿಗೆ ಕೆಲಸದ ದಿನಗಳು ಕಡಿಮೆ. ಬೆನ್ನಿಗೆ ಸ್ಪ್ರೇ ಪಂಪು ಕಟ್ಟಿಕೊಂಡ ಒಬ್ಬ ಹುಡುಗ ಹಲವು ಆಳುಗಳ ಕೆಲಸ ಮುಗಿಸುತ್ತಾನೆ. ಆದರೆ ಮದ್ದಿಗೆ ಕಣ್ಣಿಲ್ಲ. ಗಾಳಿ ಬೀಸಿದರೆ ಎಳೆಯ ಕಾಫಿ ಗಿಡವೂ ಹಳದಿಯಾಗುತ್ತದೆ.

ಈ ತೊಡಕಿಗೆ ಬ್ಯಾಕ್ಟೀರಿಯಾಗಳಲ್ಲಿ ಉತ್ತರವಿದೆ ಎಂದು ಬಯೋಟೆಕ್ನಾಲಜಿ ತರಗತಿಯಲ್ಲಿ ಕೇಳಿ ಬೆರಗಾಗಿದ್ದೆ. ಗ್ಲೈಫೋಸೇಟ್ ಗಿಡದೊಳಗಿನ ಇಪಿಎಸ್‌ಪಿಎಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಅದು ನಿಂತರೆ ಮೂರು ಮುಖ್ಯ ಅಮೈನೋ ಆಮ್ಲಗಳು ತಯಾರಾಗದೆ ಗಿಡ ಒಣಗುತ್ತದೆ. ಅಮೆರಿಕದ ಲೂಸಿಯಾನಾದಲ್ಲಿ ಇದೇ ಗ್ಲೈಫೋಸೇಟ್ ತಯಾರಿಸುತ್ತಿದ್ದ ಮೊನ್ಸಾಂಟೊ ಕಾರ್ಖಾನೆಯ ತ್ಯಾಜ್ಯದಲ್ಲಿ ಒಂದು ಬ್ಯಾಕ್ಟೀರಿಯಾ ಆರಾಮಾಗಿ ಬದುಕಿತ್ತು! ಅದರ ಕಿಣ್ವದ ಆಕಾರ ಸ್ವಲ್ಪ ಬೇರೆ; ವಿಷ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಸಿಪಿ4 ಎಂಬ ಆ ತಳಿಯ ಜೀನ್ ಸೇರಿಸಿದ ಸೋಯಾ 1996ರಲ್ಲಿ ಅಮೆರಿಕದ ಹೊಲಗಳಿಗಿಳಿಯಿತು.

ಇನ್ನೊಂದು ಕಿಣ್ವದ ಕಥೆ ಇನ್ನೂ ಚೆಂದ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾ ತಾನೇ ಒಂದು ವಿಷ ಮಾಡಿ, ಅದರಿಂದ ತಾನು ಸಾಯದಂತೆ ಕಿಣ್ವವನ್ನೂ ಇಟ್ಟುಕೊಂಡಿದೆ. ಆ 'ಬಾರ್' ಜೀನ್ ದೆಹಲಿ ವಿಶ್ವವಿದ್ಯಾಲಯದ ಡಿಎಂಎಚ್-11 ಸಾಸಿವೆಯಲ್ಲಿದೆ. 2022ರ ಅಕ್ಟೋಬರ್‌ನಲ್ಲಿ ಅದರ ಪರವಾಗಿ ಶಿಫಾರಸು ಬಂತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು.

ಹಾಗಾದರೆ ಕಾಫಿಗೂ ಇಂಥ ಜೀನ್ ಬರಲಿ ಎನ್ನುವ ಗೆಳೆಯರಿದ್ದಾರೆ. ನನಗೆ ಅಷ್ಟು ಉತ್ಸಾಹವಿಲ್ಲ. ಬೆಳೆಗೆ ತೊಂದರೆಯಿಲ್ಲ ಎಂದಾದರೆ ಮದ್ದು ಹೊಡೆಯುವ ಕೈಗೆ ತಡೆಯೇ ಇರುವುದಿಲ್ಲ. ಅಮೆರಿಕದಲ್ಲಿ ವರ್ಷ ವರ್ಷ ಅದೇ ಮದ್ದು ಹೊಡೆದು, ನಮ್ಮ ದಂಟಿನ ಜಾತಿಗೇ ಸೇರಿದ ಒಂದು ಕಳೆ ಅದಕ್ಕೆ ಬಗ್ಗದಂತಾಯಿತು. ಕೆಲವು ಹತ್ತಿ ಹೊಲಗಳಲ್ಲಿ ಮತ್ತೆ ಆಳಿಟ್ಟು ಕೈಯಲ್ಲೇ ಕಳೆ ಕೀಳಿಸಬೇಕಾಯಿತು. ಹತ್ತಿ, ಸೋಯಾ ಆದರೆ ಮುಂದಿನ ವರ್ಷ ಬೇರೆ ಬೆಳೆ ಹಾಕಬಹುದು. ದಶಕಗಟ್ಟಲೆ ನಿಲ್ಲುವ ಕಾಫಿ ಗಿಡವನ್ನು ಏನು ಮಾಡುವುದು?

ಮನುಷ್ಯರ ವಿಷಯವೂ ಇದೆ. ಆ ಕಿಣ್ವವೇ ನಮ್ಮಲ್ಲಿಲ್ಲ, ಆದ್ದರಿಂದ ಭಯ ಬೇಡ ಎನ್ನುವವರಿದ್ದಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಗ್ಲೈಫೋಸೇಟನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂದಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಒಪ್ಪಲಿಲ್ಲ. ನಮ್ಮ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ, ಕೀಟ ನಿಯಂತ್ರಣ ನಿರ್ವಾಹಕರ ಮೂಲಕ ಮಾತ್ರ ಅದನ್ನು ಬಳಸಬೇಕೆಂದು ಆದೇಶ ಹೊರಡಿಸಿತು.

ತರಬೇತಿ ಪಡೆದವರೇ ಮದ್ದು ಹೊಡೆಯಬೇಕೆಂದರೆ ಆ ತರಬೇತಿ ನಮ್ಮ ಹೋಬಳಿಗೂ ಬರಬೇಕಲ್ಲ? ಪಿಯುಸಿ ಮುಗಿಸಿ ಕೆಲಸ ಹುಡುಕುವವರಿಗೆ ಅದೂ ಒಂದು ದಾರಿ. ಹೊಸ ಜೀನಿಗೆ ಅನುಮತಿ ಕೇಳುವವರು ಮೊದಲು ಇದನ್ನು ಕೇಳಲಿ. ಪಂಪು ಹೊರುವ ಆ ಹುಡುಗ ನನ್ನ ಪಿಯುಸಿ ಸಹಪಾಠಿ. ಮೊನ್ನೆ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಅವನಿಗೆ ಓದಿ ಹೇಳಿದೆ: ಕೈಗವಸು, ಮಾಸ್ಕ್, ಬೂಟು. ನಕ್ಕು, ಬರಿಗೈಯಲ್ಲೇ ಮುಚ್ಚಳ ತಿರುಗಿಸಿದ.