ಮರ ಒಪ್ಪದ ಅಳತೆ

ಕೋವಿಯ ಮರ ಸೀಳಿದರೆ ಹೊಸದೊಂದನ್ನು ತಂದು ತಿರುಪು ಬಿಗಿದರಾಯಿತು ಎಂದುಕೊಳ್ಳುವುದು ಸಹಜ. ಹಾಗೆ ಎಣಿಸಲು ಚರಿತ್ರೆಯ ಕುಮ್ಮಕ್ಕೂ ಇದೆ. ಅಂಕುಡೊಂಕಾದ ಕೋವಿಮರವನ್ನು ಒಂದು ಮಾದರಿ ನೋಡಿಕೊಂಡು ಹಾಗೆಯೇ ಕಡೆಯುವ ಲೇತ್‌ಗೆ ಅಮೆರಿಕದ ಥಾಮಸ್ ಬ್ಲಾಂಚರ್ಡ್ ಪೇಟೆಂಟ್ ಪಡೆದದ್ದು 1819ರಲ್ಲಿ. 1854ರಲ್ಲಿ ಬ್ರಿಟಿಷ್ ಆಯೋಗವೊಂದು ಅಲ್ಲಿಗೆ ಹೋಗಿ ನೋಡಿ, ಎನ್‌ಫೀಲ್ಡ್ ಕಾರ್ಖಾನೆಗೆ ಅಂಥ ಯಂತ್ರಗಳನ್ನು ತರಿಸಿತು. ಇಷ್ಟಾದರೂ, ಎರಡನೇ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ತಯಾರಾದ ಲೀ-ಎನ್‌ಫೀಲ್ಡ್ 4ನೇ ಮಾದರಿಯ ರೈಫಲ್‌ಗೆ ಮುಂಭಾಗದ ಮರ ಬದಲಿಸಬೇಕಾದಾಗ ಸೇನೆಯ ಆಯುಧ ದುರಸ್ತಿಗಾರ, ಅಂದರೆ ಆರ್ಮರರ್, ಉಳಿ ಹಿಡಿದು ಕೂರಲೇಬೇಕಿತ್ತು. ಬದಲಿ ಮರವೆಂಬುದು ಕೊಂಡು ತರುವ ವಸ್ತುವಲ್ಲ, ಮಾಡಿ ಮುಗಿಸಬೇಕಾದ ಕೆಲಸ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಾರಣ ಗುಂಡು ಹಾರುವ ಆ ಕ್ಷಣದಲ್ಲಿದೆ. ಈ ರೈಫಲ್‌ನಲ್ಲಿ ಹಿಮ್ಮುಖ ಒದೆತವನ್ನು ತಾಳಿಕೊಳ್ಳುವುದು ಮುಂಮರದ ಹಿಂಬದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ಇರುವ ಎರಡು ಪುಟ್ಟ ಮೈಗಳು. ಎರಡೂ ಲೋಹಕ್ಕೆ ಸಮನಾಗಿ ಒತ್ತಿಕೊಂಡಿರಬೇಕು. ಒಂದು ಕಡೆ ಕೂದಲೆಳೆಯಷ್ಟು ಸಂದು ಉಳಿದರೂ ಪೆಟ್ಟೆಲ್ಲ ಇನ್ನೊಂದರ ಮೇಲೆ ಬಿದ್ದು ಮರ ಸೀಳುತ್ತದೆ. ಆಸ್ಟ್ರೇಲಿಯಾದ ಲಿತ್‌ಗೋ ಕಾರ್ಖಾನೆ ತನ್ನ ರೈಫಲ್‌ಗಳಿಗೆ ಸ್ಥಳೀಯ ಮೆದು ಮರ ಬಳಸಿದಾಗ, ಒದೆತ ಬೀಳುವಲ್ಲಿ ತಾಮ್ರದ ತಗಡು ಕೂರಿಸಿದ್ದು ಇದಕ್ಕೇ. ತಾಗಿದೆಯೋ ಇಲ್ಲವೋ ಎಂದು ತಿಳಿಯುವ ಉಪಾಯವಂತೂ ಹಳೆಯ ಬಡಗಿಗಳದ್ದೇ: ಲೋಹಕ್ಕೆ ದೀಪದ ಮಸಿ ಬಳಿದು, ಮರದಲ್ಲಿ ಒತ್ತಿ ತೆಗೆದು, ಕಪ್ಪು ಹತ್ತಿದ ಉಬ್ಬನ್ನಷ್ಟೇ ಕೆರೆಯುವುದು. ಹತ್ತಾರು ಸಲ ಒತ್ತಬೇಕು, ತೆಗೆಯಬೇಕು. ಅವಸರದಲ್ಲಿ ಒಮ್ಮೆ ಹೆಚ್ಚು ಕೆರೆದರೆ ಹೋದ ಮರ ಮರಳಿ ಬಾರದು.

ಹೀಗೆ ಕೂರಿಸಿದ ಮರವೂ ತೇವಕ್ಕೆ ಅಲುಗುತ್ತದೆ; ಅದಕ್ಕೆ ಎಣ್ಣೆ ಹಚ್ಚುವುದನ್ನು ಬರಿಯ ಅಲಂಕಾರವೆಂದು ಬಗೆಯುವವರು ಇಲ್ಲಿಯೇ ಎಡವುತ್ತಾರೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ಕಂಡವರಿಗೆ ಗೊತ್ತು, ಮರ ಉಬ್ಬುವುದು ಅಡ್ಡಕ್ಕೆ, ಉದ್ದಕ್ಕೆ ಅಲ್ಲವೆನ್ನುವಷ್ಟು ಕಡಿಮೆ. ಹಸಿ ಅಮೆರಿಕನ್ ಅಕ್ರೋಟ್ ಮರ ಪೂರ್ತಿ ಒಣಗುವಾಗ ಬೆಳವಣಿಗೆಯ ಉಂಗುರಗಳ ಗುಂಟ ಸುಮಾರು ಶೇಕಡಾ 7.8ರಷ್ಟು ಕುಗ್ಗಿದರೆ, ಅವಕ್ಕೆ ಅಡ್ಡವಾಗಿ ಸುಮಾರು ಶೇಕಡಾ 5.5ರಷ್ಟು ಕುಗ್ಗುತ್ತದೆ. ಈ ಅಸಮತೆಯಿಂದಲೇ ಮರ ಸೊಟ್ಟಗಾಗಿ, ಬಿಡುವಾಗಿರಬೇಕಾದ ನಳಿಗೆಗೆ ಪಕ್ಕದಿಂದ ತಾಗುವುದು. ಅಗಸೆ ಎಣ್ಣೆ ತೇವವನ್ನು ತಡೆಯುವುದಿಲ್ಲ, ನಿಧಾನಿಸುತ್ತದೆ. ಹೊರಮೈಯನ್ನು ಕನ್ನಡಿಯಂತೆ ಉಜ್ಜಿ, ನಳಿಗೆ ಕೂರುವ ಒಳಗಾಲುವೆಯನ್ನೂ ತುದಿಗಳನ್ನೂ ಎಣ್ಣೆ ಹಚ್ಚದೆ ಬಿಟ್ಟರೆ ಆ ನಿಧಾನವೂ ದಕ್ಕದು.

ಗಟ್ಟಿಯಾಗುವ ಎಪಾಕ್ಸಿ ಅಂಟನ್ನು ಸುರಿದು ಸಂದು ತುಂಬಿದರೆ ಇಷ್ಟು ಪಾಡೇಕೆ ಎಂದು ಕೇಳಬಹುದು. ಸುರಿಯಬಹುದು, ಆದರೆ ಅದು ಅಚ್ಚು ತೆಗೆಯುವುದು ಆ ದಿನದ ಮರದ್ದು. ಸುತ್ತಲಿನ ಮರ ಅಲುಗಿದರೆ ಅದೂ ಜೊತೆಗೆ ಅಲುಗುತ್ತದೆ. ಮರವನ್ನೇ ಬಿಟ್ಟುಬಿಡಿ ಎಂಬ ಆಕ್ಷೇಪ ಹೆಚ್ಚು ಬಲವಾದದ್ದು, ಅದನ್ನು ಒಪ್ಪಬೇಕು. ಅಮೆರಿಕದ ನೌಕಾ ಪದಾತಿ ದಳದ ಎಂ40 ರೈಫಲ್‌ನ ಮರ ವಿಯೆಟ್ನಾಂನ ತೇವಕ್ಕೆ ಸೊಟ್ಟಗಾಗಿ, 1970ರ ದಶಕದಲ್ಲಿ ಎಂ40ಎ1ಕ್ಕೆ ಫೈಬರ್‌ಗ್ಲಾಸ್ ಬಂತು. ಸೊಟ್ಟಗಾಗುವುದು ನಿಂತಿತು. ಆದರೂ ಆ ದಳದ ಆರ್ಮರರ್‌ಗಳು ಪ್ರತಿಯೊಂದು ರೈಫಲ್‌ನ ಲೋಹವನ್ನೂ ಅದರದರ ಫೈಬರ್‌ಗ್ಲಾಸ್‌ನಲ್ಲಿ ಕೈಯಾರೆ ಕೂರಿಸುತ್ತಲೇ ಇದ್ದರು.