ಬದಲಿ ಸಿಪಾಯಿ

ಕೆಲವು ಸೀಮೆಯ ಜನ ಹುಟ್ಟಾ ವೀರರು, ಆದುದರಿಂದಲೇ ಅವರು ಸೈನ್ಯ ಸೇರುತ್ತಾರೆ ಎಂಬ ಮಾತನ್ನು ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಈ ಮಾತಿಗೆ ಶಾಸ್ತ್ರದ ವೇಷ ತೊಡಿಸಿದವರು ಬ್ರಿಟಿಷ್ ಸೇನಾಧಿಕಾರಿಗಳು. 1857ರ ಬಂಡಾಯದ ಬಳಿಕ ಅವರು ನಮ್ಮ ಜನರನ್ನು ಕಾದಾಡುವ ಜಾತಿ, ಕಾದಾಡದ ಜಾತಿ ಎಂದು ವಿಂಗಡಿಸಿದರು. ಆದರೆ ಪರಾಕ್ರಮಕ್ಕಿಂತ ಹೊಟ್ಟೆಯ ಲೆಕ್ಕವೇ ಇಲ್ಲಿ ಹೆಚ್ಚು ಕೆಲಸ ಮಾಡಿದೆ.

ಗಢವಾಲವನ್ನು ನೋಡಿರಿ. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಹೊಲ, ತುಂಡು ಭೂಮಿ, ಕಾರಖಾನೆಯ ಸುಳಿವಿಲ್ಲ. ಗಂಡಸರು ಪಲ್ಟನ್ ಸೇರಿದರು, ಬೇಸಾಯ ಹೆಂಗಸರ ಹೆಗಲಿಗೆ ಬಿತ್ತು, ಒಲೆ ಉರಿದದ್ದು ಮನಿಆರ್ಡರಿನಿಂದ. ಕೊಂಕಣದ ರತ್ನಾಗಿರಿಯ ಕಥೆಯೂ ಇದೇ. ಅಲ್ಲಿಯ ಮಕ್ಕಳು ಮುಂಬಯಿಯ ಗಿರಣಿಗೂ ಹೋದರು, ದಂಡಿಗೂ ಹೋದರು. ಊರಿನ ಭೂಮಿ ವರ್ಷವಿಡೀ ಅನ್ನ ಕೊಡಲಿಲ್ಲ.

ಹಾಗಾದರೆ ಅತಿ ಬಡವರೇ ಅತಿ ಹೆಚ್ಚು ಸೇರಿದರೇ? ಇಲ್ಲ. ತಲೆಮಾರುಗಳಿಂದ ಸಿಪಾಯಿಗಳಾಗಿದ್ದ ಮಹಾರರಿಗೆ 1890ರ ದಶಕದಲ್ಲಿ ಸರಕಾರ ಬಾಗಿಲು ಮುಚ್ಚಿತು. ಪಂಜಾಬಿನಲ್ಲಿಯಾದರೋ ಕಾಲುವೆ ನೀರಿನ ಜಮೀನನ್ನು ಸಿಪಾಯಿಗಳಿಗೆ ಹಂಚಿತು. ಬಡತನ ಹುಡುಗನನ್ನು ಬಾಗಿಲ ತನಕ ತಳ್ಳುತ್ತದೆ. ಬಾಗಿಲನ್ನು ಯಾರಿಗೆ ತೆರೆಯಬೇಕೆಂದು ಆಳುವವರು ನಿರ್ಧರಿಸುತ್ತಾರೆ.

ಹೊಟ್ಟೆಗಾಗಿ ಹೋದವರನ್ನು ಯಾರೂ ಹಗುರಾಗಿ ಕಾಣಬಾರದು. 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ನಿರಾಯುಧ ಜನರ ಮೇಲೆ ಗುಂಡು ಹಾರಿಸಲು ಚಂದ್ರಸಿಂಗ್ ಗಢವಾಲಿಯೂ ಅವರ ಜೊತೆಗಾರರೂ ಒಪ್ಪಲಿಲ್ಲ. ಚಂದ್ರಸಿಂಗರಿಗೆ ಜೀವಾವಧಿ ಶಿಕ್ಷೆಯಾಯಿತು.

ಇನ್ನು ಈಗಿನ ಮಾತು. 2022ರ ಜೂನ್‌ನಲ್ಲಿ ಸರಕಾರ ಸಾರಿದ ಅಗ್ನಿಪಥ ಯೋಜನೆಯಂತೆ ಸೇವೆ ನಾಲ್ಕೇ ವರ್ಷ. ಆ ಬಳಿಕ ನೂರಕ್ಕೆ 25 ಮಂದಿಯವರೆಗೆ ಕಾಯಂ. ಉಳಿದವರ ಕೈಗೆ ಸುಮಾರು 11.71 ಲಕ್ಷ ರೂಪಾಯಿ; ಅದರಲ್ಲೂ ಅರ್ಧದಷ್ಟು ಅವರ ಸಂಬಳದಲ್ಲೇ ಹಿಡಿದದ್ದು. ಪಿಂಚಣಿ ಇಲ್ಲ, ಗ್ರಾಚ್ಯುಯಿಟಿ ಇಲ್ಲ. ಗಿರಣಿಯ ಬಾಂಧವರೇ, 'ಬದಲಿ' ಎಂದರೇನೆಂದು ನಿಮಗೆ ನಾವು ಬೇರೆ ಹೇಳಬೇಕೇ? ಅಂಗಡಿಕಾರ ಮಿತ್ರರೇ, ತಿಂಗಳು ತಪ್ಪದೆ ಬಾಕಿ ತೀರಿಸುವ ಪಿಂಚಣಿದಾರನ ಬೆಲೆಯನ್ನು ನೀವೂ ಬಲ್ಲಿರಿ.

ಸೈನ್ಯ ತರುಣವಾಗಿರಬೇಕು ಎನ್ನುತ್ತದೆ ಸರಕಾರ. ಇರಲಿ. ಆದರೆ ಇಪ್ಪತ್ತೈದರ ಒಳಗೇ ಮನೆಗೆ ಮರಳಿದ ಹುಡುಗನಿಗೆ ಆ ಮೆಟ್ಟಿಲು ಹೊಲ ಇನ್ನಷ್ಟು ದೊಡ್ಡದಾಗಿರುತ್ತದೆಯೇ?

ಸೈನ್ಯ ಬೇಡವೆಂದು ನಾವು ಹೇಳುತ್ತಿಲ್ಲ. ಹಿಂದುಳಿದ ಸೀಮೆಗೆ ಉದ್ಯೋಗ ಕೊಡಿರಿ, ಸಿಪಾಯಿಗೆ ಕಾಯಂ ನೌಕರಿ ಮತ್ತು ಪಿಂಚಣಿ ಕೊಡಿರಿ ಎನ್ನುತ್ತೇವೆ. ಊರಿನಲ್ಲಿ ಅನ್ನವಿದ್ದೂ ಗಡಿಗೆ ಹೋಗುವವನು ಸ್ವಂತ ಇಚ್ಛೆಯಿಂದ ಹೋದವನು. ಅನ್ನವಿಲ್ಲದೆ ಹೋದವನಿಗೆ ದೇಶವೇ ಸಾಲಗಾರ; ಆ ಸಾಲ ನಾಲ್ಕು ವರ್ಷಕ್ಕೆ ತೀರುವಂಥದಲ್ಲ.